ಹರಿಯಲಾಗದ ದೀಪ

ಆಕೆ ಎರಡು ಬಾಟಲಿಗಳನ್ನು ನನ್ನ ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಕೂತಳು. ಸಾಗರದ ಪೇಟೆಯ ನನ್ನ ಪ್ರೆಸ್ಸಿಗೆ ಬಂದವರು ಮೊದಲು ನೀರು ಕೇಳುತ್ತಾರೆ, ಇಲ್ಲವೇ ನನ್ನ ಮಂಡಿನೋವು ವಿಚಾರಿಸುತ್ತಾರೆ. ಆಕೆ ಎರಡನ್ನೂ ಕೇಳಲಿಲ್ಲ.

“ಮಾವ, ಇದ್ರಲ್ಲಿ ನಮ್ಮದು ಯಾವ್ದು ಹೇಳಿ.”

ನಿಟ್ಟೂರಿನ ಕಡೆ ಹನ್ನೆರಡು ಹೆಂಗಸರು ಸೇರಿ ಒಂದು ಶೆಡ್ಡಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುತ್ತಾರೆ. ಈಕೆ ಆ ಸಂಘದ ಅಧ್ಯಕ್ಷೆ. ಅವರ ಬಾಟಲಿಯ ಕಾಗದದ ಲೇಬಲ್ಲು ಮೊದಲ ದಿನದಿಂದಲೂ ನನ್ನ ಪ್ರೆಸ್ಸಿನದ್ದೇ. ಹಸಿರು ಎಲೆ, ಎರಡು ಮಿಡಿ, ಕೆಂಪು ಅಕ್ಷರ. ಬಣ್ಣ ಕಲೆಸಿದ್ದೂ ನಾನೇ. ಕಣ್ಣಿಗೆ ಬಟ್ಟೆ ಕಟ್ಟಿದರೂ ನನ್ನ ಅಚ್ಚನ್ನು ಬೆರಳಲ್ಲಿ ಮುಟ್ಟಿ ಹೇಳಬಲ್ಲೆ ಎಂದು ಊರೆಲ್ಲ ಸಾರಿಕೊಂಡು ತಿರುಗಿದವನು ನಾನು.

“ಇಷ್ಟಕ್ಕೆ ಅಲ್ಲಿಂದ ಬಸ್ಸು ಹತ್ತಿ ಬಂದ್ಯಾ ಮಾರಾಯ್ತಿ?” ಎಂದು ಎಡಗಡೆಯದನ್ನು ಎತ್ತಿ ಬೆಳಕಿಗೆ ಹಿಡಿದೆ. “ನೋಡು, ಎಲೆಯ ಅಂಚು ಹೆಂಗೆ ಕೂತಿದೆ! ಕೆಂಪು ಒಂದು ಕೂದಲಿನಷ್ಟೂ ಆಚೆ ಹೋಗಿಲ್ಲ. ಇಂಥ ಕೆಲಸ ಇನ್ಯಾರಿಗೆ ಬರ್ತದೆ?”

“ಅದು ಕಳ್ಳಂದು ಮಾವ.”

ಬಲಗಡೆಯದನ್ನು ನೋಡಿದೆ. ಅದರ ಎಲೆಯ ಹಸಿರು ಅಂಚು ದಾಟಿತ್ತು. ಕೆಂಪು ಅಕ್ಷರದ ಕಾಲು ಸ್ವಲ್ಪ ಹರಡಿಕೊಂಡಿತ್ತು. ಅದು ನನ್ನದು. ನನ್ನ ಲೇಬಲ್ಲನ್ನು ಕದ್ದವನು ನನಗಿಂತ ಚೆನ್ನಾಗಿ ಅಚ್ಚು ಹಾಕಿದ್ದ. ಈ ವಯಸ್ಸಿನಲ್ಲಿ ಕೇಳಬಾರದ ಸುದ್ದಿಗಳಲ್ಲಿ ಇದೂ ಒಂದು.

ಆಕೆ ಎರಡೂ ಬಾಟಲಿ ಬಿಚ್ಚಿ ಒಂದೊಂದು ಮಿಡಿ ತೆಗೆದು ಕಾಗದದ ಮೇಲಿಟ್ಟಳು. ಅವರ ಮಿಡಿಯಲ್ಲಿ ಸಣ್ಣ ತೊಟ್ಟು ಇರುತ್ತದೆ. ಮರ ಹತ್ತಿದವನು ಗೊಂಚಲನ್ನು ಕೆಳಗೆ ಬೀಳಿಸದೆ ಬುಟ್ಟಿಯಲ್ಲಿ ಇಳಿಸಬೇಕು, ಹೆಂಗಸರು ತೊಟ್ಟು ಬಿಟ್ಟು ಕತ್ತರಿಸಬೇಕು. ತೊಟ್ಟು ಹೋದರೆ ಸೊನೆ ಹೋಯಿತು, ಸೊನೆ ಹೋದರೆ ಮಿಡಿ ವರ್ಷ ತುಂಬುವ ಮೊದಲೇ ಮೆತ್ತಗಾಗುತ್ತದೆ. ಕಳ್ಳನ ಮಿಡಿಗೆ ತೊಟ್ಟೇ ಇರಲಿಲ್ಲ. ಯಾವುದೋ ಕಾಡುಮಾವಿನ ಉದುರುಕಾಯಿ, ಮೇಲೆ ವಾಸನೆಯ ಎಣ್ಣೆ.

ಹುಲಿಕಲ್ ಘಾಟಿಯ ದಾರಿಬದಿಯ ಅಂಗಡಿಗಳಿಂದ ಹಿಡಿದು ತೀರ್ಥಹಳ್ಳಿಯವರೆಗೆ ಈ ಬಾಟಲಿ ಹರಡಿತ್ತಂತೆ. ತೀರ್ಥಹಳ್ಳಿಯ ಒಂದು ಮನೆಯಲ್ಲಿ ಸಮಾರಂಭದ ಊಟಕ್ಕೆ ಇದನ್ನು ಬಡಿಸಿದ್ದರು, ಉಂಡವರಲ್ಲಿ ಕೆಲವರು ಹೊಟ್ಟೆ ಹಿಡಿದುಕೊಂಡು ಮಲಗಿದರು. ಆ ಮನೆಯವರು ಬಾಟಲಿಗಳನ್ನು ತಂದು ಅಲ್ಲಿನ ದಿನಸಿ ಅಂಗಡಿಯ ಸಾಹುಕಾರರ ಮುಂದೆ ಸುರಿದರು. ಸಂಘದ ಅರ್ಧಕ್ಕಿಂತ ಹೆಚ್ಚು ಮಾಲು ಮಾರುವುದು ಆ ಸಾಹುಕಾರರೇ.

“ಅಸ್ಲಿ ಯಾವ್ದು, ನಕ್ಲಿ ಯಾವ್ದು ಅಂತ ಗಿರಾಕಿಗೆ ಕಂಡ ಕೂಡ್ಲೆ ಗೊತ್ತಾಗ್ಬೇಕು, ಮುಂದಿನ ವರ್ಷದ ಮಳೆ ಮುಗಿಯದ್ರೊಳಗೆ ಏನಾದ್ರೂ ಮಾಡಿ, ಇಲ್ದಿದ್ರೆ ನಿಮ್ಮ ಬಾಟ್ಲಿ ನಂಗೆ ಬೇಡ ಅಂದ್ರು ಮಾವ,” ಎಂದಳು. “ಅವ್ರು ಬಿಟ್ರೆ ಶೆಡ್ಡಿಗೆ ಬೀಗ. ಮತ್ತೆ ಕಂಡೋರ ಮನೆ ಕಾರ್ಯಕ್ಕೆ ಪಾತ್ರೆ ತೊಳೆಯಕ್ಕೆ ಹೋಗೋದೇ ಸೈ. ಹದಿನಾರು ವರ್ಷ ತೊಳ್ದಿದೀನಿ. ಇನ್ನು ಆಗಲ್ಲ.”

ಆಕೆ ಅಳಲಿಲ್ಲ. ಬರೀ ಕೈ ನೋಡಿಕೊಂಡಳು. ಆ ಕೈಗಳನ್ನು ಕಂಡು ನಾನೂ ಒಂದು ಕ್ಷಣ ತಮಾಷೆ ಮರೆತೆ.

ಆ ಸಾಹುಕಾರರಿಗೂ ನನಗೂ ಒಂದು ಹಳೇ ಲೆಕ್ಕ ಬಾಕಿ ಇತ್ತು. ಅದನ್ನೂ ಹೇಳಿಬಿಡಬೇಕು. ನಕಲಿ ಮಾಡುವುದರಲ್ಲಿ ನಾನೇನು ಕಡಿಮೆಯವನಲ್ಲ. ವಯಸ್ಸಿದ್ದಾಗ ಬೆಕ್ಕು ಸಾಕಿದವರು ತೆರಿಗೆ ಕಟ್ಟಬೇಕೆಂದು ಒಂದು ನೋಟೀಸು ಅಚ್ಚು ಹಾಕಿ ಹೊಸನಗರದ ಸಂತೆಯಲ್ಲಿ ಅಂಟಿಸಿದ್ದೆ. ಎರಡು ದಿನ ಜನ ಬೆಕ್ಕುಗಳನ್ನು ಅಟ್ಟದಲ್ಲಿ ಅಡಗಿಸಿಟ್ಟಿದ್ದರು. ಈ ಸಾಹುಕಾರರು ಅಂಗಡಿ ತೆರೆದಾಗ ಕರಪತ್ರ ಅಚ್ಚು ಹಾಕಿದ್ದೂ ನಾನೇ. ಅವರು ಬರೆದುಕೊಟ್ಟದ್ದರ ಕೆಳಗೆ ನಾನೊಂದು ಸಾಲು ಸೇರಿಸಿದ್ದೆ: “ಬಂದವರಿಗೆಲ್ಲ ಒಂದೊಂದು ಅಚ್ಚು ಬೆಲ್ಲ ಉಚಿತ.” ಬೆಳಿಗ್ಗೆ ಬಾಗಿಲು ತೆಗೆದರೆ ಜನರ ಸಾಲು ಸೇತುವೆಯವರೆಗೆ ಇತ್ತಂತೆ. ಮಾನಕ್ಕೆ ಅಂಜಿ ಅವರು ಸಂಜೆಯವರೆಗೆ ಬೆಲ್ಲ ಹಂಚಿದರು. ಅಂದಿನಿಂದ ನನ್ನ ಜೊತೆ ಮಾತಿಲ್ಲ. ಮೂರು ತಾಲ್ಲೂಕಿನಲ್ಲಿ ಅಂಥವರು ಇನ್ನೂ ಬಹಳ ಇದ್ದಾರೆ.

“ಆಯ್ತು,” ಎಂದೆ. “ಯಾವ ಕಳ್ಳನೂ ಮುಟ್ಟದಂಥದ್ದು ಮಾಡಿಕೊಡ್ತೀನಿ. ನಾನು ಯಾರು ಅಂತ ಗೊತ್ತಲ್ಲ?”

“ಗೊತ್ತು ಮಾವ. ಅದ್ಕೇ ಹೆದ್ರಿಕೆ,” ಎಂದಳು.

ಕಾಗದದ ಲೇಬಲ್ಲಿಗೆ ಇನ್ನು ಮರ್ಯಾದೆ ಇಲ್ಲ ಎಂದು ಅವತ್ತೇ ಗೊತ್ತಾಗಿತ್ತು. ನನಗೆ ಬರುವ ಯಾವ ಬಣ್ಣವೂ ಕಳ್ಳನಿಗೂ ಬರುತ್ತದೆ. ಬಾರದೇ ಇರುವುದು ಹೊಲೊಗ್ರಾಮು. ಅಲುಗಿಸಿದರೆ ಬಣ್ಣ ಬದಲಾಗುವ, ಒಳಗೆ ಆಳ ಇದ್ದಂತೆ ಕಾಣುವ ಆ ಬೆಳ್ಳಿ ಚೀಟಿ. ಜೆರಾಕ್ಸ್ ಮಾಡಿದರೆ ಕಪ್ಪು ಮಸಿ ಬರುತ್ತದೆ, ಸ್ಕ್ಯಾನ್ ಮಾಡಿದರೆ ಬೂದಿ ಬಣ್ಣ.

ಬೆಂಗಳೂರಿನ ಆಚೆಯ ಒಂದು ಕಾರ್ಖಾನೆಗೆ ಹೋದೆ. ಬಸ್ಸಿನಲ್ಲಿ ಕೂತು ಕೂತು ಸೊಂಟ ಹಲಗೆಯಾಗಿತ್ತು. ಅಲ್ಲಿನ ಮ್ಯಾನೇಜರು ಸಣ್ಣ ವಯಸ್ಸಿನವರು, ಬಹಳ ತಾಳ್ಮೆಯವರು. ಮೊದಲು ಸಿದ್ಧ ಚೀಟಿಗಳ ಸುರುಳಿ ತೋರಿಸಿದರು. ನಕ್ಷತ್ರ, ಗ್ಲೋಬು, ಇಂಗ್ಲಿಷಿನಲ್ಲಿ ‘ಅಸಲಿ’ ಎಂಬ ಮಾತು.

“ಇದನ್ನ ಯಾರು ಬೇಕಾದ್ರೂ ತಗೋಬಹುದಾ?” ಎಂದೆ.

“ಹೌದು ಸರ್.”

“ಹಂಗಾದ್ರೆ ಕಳ್ಳನೂ ತಗೋತಾನೆ. ಅವನು ನಂಗಿಂತ ಹುಷಾರು.”

ನಮ್ಮದೇ ಚಿತ್ರ ಬೇಕೆಂದರೆ ನಮ್ಮದೇ ಅಚ್ಚು ಮಾಡಬೇಕು. ಚಿತ್ರವನ್ನು ಪದರ ಪದರವಾಗಿ ಬಿಡಿಸಿ, ಲೇಸರ್ ಬೆಳಕಿನಲ್ಲಿ ಗಾಜಿನ ಮೇಲೆ ಮೂಡಿಸಿ, ಅದರಿಂದ ನಿಕಲ್ಲಿನ ತೆಳು ತಗಡು ತೆಗೆಯುತ್ತಾರೆ. ಆ ತಗಡಿನ ಮೇಲಿನ ಗೀರುಗಳು ಕಣ್ಣಿಗೆ ಕಾಣದಷ್ಟು ಸಣ್ಣ. ಅದನ್ನು ಬಿಸಿ ಮಾಡಿ ಹೊಳೆಯುವ ಪ್ಲಾಸ್ಟಿಕ್ ಹಾಳೆಗೆ ಒತ್ತಿದರೆ ಗೀರು ಹಾಳೆಯ ಮೇಲೆ ಇಳಿಯುತ್ತದೆ, ಬೆಳಕು ಆ ಗೀರಿನಲ್ಲಿ ಒಡೆದು ಬಣ್ಣವಾಗುತ್ತದೆ. ಶಾಯಿ ಎಂಬುದೇ ಇಲ್ಲ. ಜೀವಮಾನವಿಡೀ ಶಾಯಿಯಲ್ಲಿ ಕೈ ಅದ್ದಿದ ನಾನು ಶಾಯಿ ಇಲ್ಲದ ಅಚ್ಚನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದೆ.

“ಚಿತ್ರ ಏನಿರಲಿ ಸರ್?” ಎಂದು ಮ್ಯಾನೇಜರು ಕೇಳಿದರು.

ಬಸ್ಸಿನಲ್ಲೇ ಯೋಚಿಸಿಟ್ಟಿದ್ದೆ. “ದೀಪ. ಕಾಲುದೀಪ. ಹಿಂಗೆ ವಾಲಿಸಿದ್ರೆ ಕುಡಿ ಎಡಕ್ಕೆ ಬಾಗ್ಬೇಕು, ಹಂಗೆ ವಾಲಿಸಿದ್ರೆ ಬಲಕ್ಕೆ. ಗಾಳಿಗೆ ಆಡಿದಂಗೆ.”

ಅವರು ಬೆರಗಾದರು. ನಾನು ಮೀಸೆ ತಿರುವಿದೆ. ಇಷ್ಟಕ್ಕೇ ಬಿಡದೆ, ದೀಪದ ಬುಡದಲ್ಲಿ ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣ ಅಕ್ಷರದಲ್ಲಿ ‘ತೊಟ್ಟು’ ಎಂದು ಬರೆಸಿದೆ. ಅದು ಅಧ್ಯಕ್ಷೆಗೆ, ಸಾಹುಕಾರರಿಗೆ, ನನಗೆ ಮಾತ್ರ ಗೊತ್ತಿರಬೇಕಾದ ಗುಟ್ಟು. ಪ್ರತಿ ಚೀಟಿಗೂ ಬೇರೆ ಬೇರೆ ನಂಬರು. ಅಂಟು ಎಂಥದ್ದೆಂದರೆ, ಒಮ್ಮೆ ಕೂತ ಮೇಲೆ ಕಿತ್ತರೆ ಬೆಳ್ಳಿಯೆಲ್ಲ ಜೇನುಗೂಡಿನ ಹಾಗೆ ತೂತು ತೂತಾಗಿ ಗಾಜಿನ ಮೇಲೇ ಉಳಿದು, ಕೈಗೆ ಬರೀ ಸಾದಾ ಪ್ಲಾಸ್ಟಿಕ್ ಬರುತ್ತದೆ. ಚೀಟಿಯ ಅರ್ಧ ಮುಚ್ಚಳದ ಮೇಲೆ, ಅರ್ಧ ಗಾಜಿನ ಮೇಲೆ ಕೂರಬೇಕು. ಬಾಟಲಿ ಬಿಚ್ಚಿದರೆ ಚೀಟಿ ಸೀಳುತ್ತದೆ. ಸೀಳಿದ ಚೀಟಿಯ ಬಾಟಲಿ ಯಾವ ಕಳ್ಳನಿಗೂ ಬೇಡ. ಇಡೀ ಕೆಲಸದ ಜೀವ ಇರುವುದು ಆ ಸೀಳಿನಲ್ಲಿ.

ಸುರುಳಿಗಳು ಬಂದ ಮೇಲೆ ಮಳೆಗಾಲದ ಹೊತ್ತಿಗೆ ನಿಟ್ಟೂರಿನಲ್ಲಿ ಅಂಟಿಸುವ ಕೆಲಸ ಶುರುವಾಯಿತು, ನನ್ನ ಸುಸ್ತೂ. ಮೊದಲ ದಿನ ಹಚ್ಚಿದ ಚೀಟಿಗಳು ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಉದುರಿದ್ದವು. ಬಾಟಲಿ ತುಂಬಿದ ಕೈಯಲ್ಲೇ ಬಾಟಲಿ ಒರೆಸಿದ್ದರು. ಉಪ್ಪುನೀರು, ಎಣ್ಣೆ ಗಾಜಿಗೆ ಹತ್ತಿತ್ತು. ತುಂಬುವವರು ಬೇರೆ, ಒರೆಸುವವರು ಬೇರೆ ಎಂದು ಮಾಡಿದೆವು. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸಿದೆವು. ಆಮೇಲೂ ಅರ್ಧ ಉದುರಿದವು. ಆ ಹವೆಯಲ್ಲಿ ಗಾಜು ಬೆವರುತ್ತಿತ್ತು, ಕಣ್ಣಿಗೆ ಕಾಣದ ನೀರಿನ ಪದರದ ಮೇಲೆ ಅಂಟು ಕೂರುತ್ತಿರಲಿಲ್ಲ. ಒಂದು ಮರದ ಪೆಟ್ಟಿಗೆಗೆ ಎರಡು ಹಳೇ ಬಲ್ಬು ಹಾಕಿ, ಬಾಟಲಿಗಳನ್ನು ಅದರೊಳಗೆ ಬೆಚ್ಚಗೆ ಮಾಡಿ, ಒಂದೊಂದೇ ಹೊರತೆಗೆದು ಹಚ್ಚಿಸಿದೆ. ಹೆಬ್ಬೆರಳಲ್ಲಿ ಒತ್ತಿ ಹತ್ತು ಎಣಿಸಬೇಕು. ಒಂದು ರಾತ್ರಿ ಇಡೀ ಅಲುಗಿಸಬಾರದು. ಯಾವ ನಂಬರು ಯಾವ ಅಂಗಡಿಗೆ ಹೋಯಿತು ಎಂದು ಪುಸ್ತಕದಲ್ಲಿ ಬರೆಯಬೇಕು.

ಆರು ಸಲ ಸಾಗರದಿಂದ ನಿಟ್ಟೂರಿಗೆ ಹೋಗಿ ಬಂದೆ. ಆರನೆಯ ಸಲ ಒಂದು ಚೀಟಿಯನ್ನು ಉಗುರಿನಿಂದ ಕಿತ್ತು ತೋರಿಸಿದೆ. ಅದು ಅವರ ಹಾಳು ಬಾಟಲಿ, ಚೀಟಿ ವಕ್ರವಾಗಿ ಅರ್ಧ ಮಾತ್ರ ಕೂತದ್ದು. ಬರೀ ಅಂಚಿನ ಬೆಳ್ಳಿ ಎದ್ದಿತು. ಜೇನುಗೂಡು ಕಂಡು ಹೆಂಗಸರೆಲ್ಲ ಬಾಯಿ ಬಿಟ್ಟರು. ನಾನು ಜಾದೂಗಾರನ ಹಾಗೆ ಕೈ ಬೀಸಿದೆ.

“ಇನ್ನು ನನ್ನ ಹೆಸರು ಹೇಳಿ ಮಲ್ಕಳ್ಳಿ,” ಎಂದು ಹೇಳಿ ಬಂದೆ. ಇಡೀ ಬಾಟಲಿಯ ಮುಚ್ಚಳ ತಿರುಗಿಸಿ, ಇಡೀ ದೀಪ ಸೀಳುವುದನ್ನು ಮಾತ್ರ ಅವತ್ತು ತೋರಿಸಲಿಲ್ಲ. ಒಳ್ಳೆಯ ಬಾಟಲಿ ಯಾಕೆ ಹಾಳು ಮಾಡುವುದು ಎಂದು ಬಿಟ್ಟೆ.

ಮಾಲು ಚೆನ್ನಾಗಿ ಹೋಯಿತು. ದೀಪ ಆಡುವುದನ್ನು ನೋಡಲಿಕ್ಕೇ ಜನ ಬಾಟಲಿ ಎತ್ತಿ ವಾಲಿಸುತ್ತಾರೆ ಎಂದು ಸುದ್ದಿ ಬರುತ್ತಿತ್ತು. ಬ್ಯಾಕೋಡಿನಿಂದ ಒಬ್ಬರು ಫೋನು ಮಾಡಿ, ಖಾಲಿ ಬಾಟಲಿಯನ್ನು ದೇವರ ಗೂಡಿನ ಪಕ್ಕ ಇಟ್ಟಿದ್ದೇನೆ, ಅಷ್ಟು ಚಂದ ಎಂದರು. ನಾನು ಆ ಮಾತನ್ನು ವಾರಗಟ್ಟಲೆ ಪೇಟೆಯಲ್ಲಿ ಹೇಳಿಕೊಂಡು ತಿರುಗಿದೆ. ಅದರಲ್ಲೇ ನನ್ನ ಸೋಲಿನ ಸುದ್ದಿ ಇತ್ತು. ನನಗೆ ಹೊಗಳಿಕೆ ಮಾತ್ರ ಕೇಳಿಸಿತು.

ಚಳಿಗಾಲ ಮುಗಿಯುವ ಹೊತ್ತಿಗೆ ತೀರ್ಥಹಳ್ಳಿಯ ಸಾಹುಕಾರರೇ ಫೋನು ಮಾಡಿದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ.

“ಪ್ರೆಸ್ಸಿನವ್ರೇ, ನಿಮ್ಮ ದೀಪ ಕಳ್ಳನ ಮನೇಲೂ ಉರೀತಾ ಇದೆ. ಬಂದು ನೋಡ್ಕಂಡು ಹೋಗಿ.”

ಹೋದೆ. ಗಿರಾಕಿಗಳು ವಾಪಸು ತಂದಿದ್ದ ಐದು ಬಾಟಲಿ ಗಲ್ಲಾದ ಮೇಲಿದ್ದವು. ಒಳಗೆ ತೊಟ್ಟಿಲ್ಲದ ಮೆತ್ತನೆಯ ಕಾಯಿ. ಹೊರಗೆ ದೀಪ. ವಾಲಿಸಿದರೆ ಕುಡಿ ಎಡಕ್ಕೆ ಬಾಗಿತು, ಬಲಕ್ಕೆ ಬಾಗಿತು. ಭೂತಗನ್ನಡಿ ಹಿಡಿದೆ. ಬುಡದಲ್ಲಿ ಸ್ಪಷ್ಟವಾಗಿ ‘ತೊಟ್ಟು’. ಚೀಟಿಯಲ್ಲಿ ತೊಟ್ಟಿತ್ತು, ಮಿಡಿಯಲ್ಲಿರಲಿಲ್ಲ.

“ಇದು ಕಾರ್ಖಾನೆಯವರದ್ದೇ ಕೆಲಸ. ಅಚ್ಚು ಮಾರಿಕೊಂಡಿದಾರೆ,” ಎಂದೆ. ಅಲ್ಲಿಂದಲೇ ಮ್ಯಾನೇಜರಿಗೆ ಫೋನು ಮಾಡಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಆ ಮನುಷ್ಯ ಪೂರ್ತಿ ಕೇಳಿಸಿಕೊಂಡು, “ಸರ್, ಚೀಟಿಯ ಮೇಲಿನ ನಂಬರು ಓದಿ. ನಿಮ್ಮ ಪುಸ್ತಕದಲ್ಲಿ ಆ ನಂಬರು ಎಲ್ಲಿಗೆ ಹೋಗಿದೆ ನೋಡಿ. ಆಮೇಲೆ ಬೈಯಿರಿ,” ಎಂದರು.

ಸಂಘದ ಪುಸ್ತಕ ನಿಟ್ಟೂರಿನಲ್ಲಿತ್ತು. ಅಧ್ಯಕ್ಷೆಗೆ ಫೋನಿನಲ್ಲಿ ನಂಬರು ಓದಿದೆ. ಆಕೆ ಹಾಳೆ ತಿರುವುವ ಸದ್ದು ಕೇಳಿಸುತ್ತಿತ್ತು.

“ಐದೂ ತೀರ್ಥಳ್ಳಿ ಸಾವ್ಕಾರ್ರಿಗೇ ಹೋಗಿದ್ದು ಮಾವ. ಮಳೆಗಾಲದಲ್ಲೇ.”

“ಅವೆಲ್ಲ ಅವಾಗ್ಲೇ ಖರ್ಚಾಗಿ ಹೋಗಿದಾವೆ,” ಎಂದು ಸಾಹುಕಾರರು ಗಲ್ಲಾದ ಆಚೆಯಿಂದ ಹೇಳಿದರು. “ಮಾರಿದ ಬಾಟ್ಲಿ ವಾಪಸ್ ನಡ್ಕಂಡು ಬಂತಾ? ಮಳೆ ಹಿಡಿಯಕ್ಕೆ ಇನ್ನು ಮೂರು ತಿಂಗ್ಳಿದೆ. ಆ ಮಳೆ ಮುಗಿಯೋ ತನಕ ನನ್ನ ಮಾತು ಮಾತೇ. ಅದಾದ್ಮೇಲೆ ನಮ್ಮ ಅಂಗಡೀಲಿ ಆ ಬಾಟ್ಲಿ ಇರಲ್ಲ.”

ಚೀಟಿ ಅಸಲಿ. ಮಾರಿದ ಬಾಟಲಿಯದ್ದೇ. ಆದರೆ ಕಿತ್ತು ಬೇರೆ ಬಾಟಲಿಗೆ ಹಚ್ಚಲು ಸಾಧ್ಯವಿಲ್ಲ ಎಂದು ನಾನು ಆಣೆ ಇಟ್ಟು ಹೇಳಬಲ್ಲೆ. ಹೊಸನಗರದವರೆಗೂ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ, ಐದು ಬಾಟಲಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನಾನು ನೋಡಿದ್ದೆಲ್ಲ ದೀಪವನ್ನು. ನನ್ನ ಕೆಲಸವನ್ನು ನಾನೇ ಮೆಚ್ಚಿಕೊಂಡು ನೋಡುವಾಗ ಬೇರೇನೂ ಕಾಣುವುದಿಲ್ಲ.

ಹೊಸನಗರದಲ್ಲಿ ಬಸ್ಸು ಬದಲಿಸಬೇಕಿತ್ತು. ನಿಲ್ದಾಣದ ಹತ್ತಿರ ಒಂದು ಗುಜರಿ ಅಂಗಡಿ ಇದೆ. ಅದರ ಮುಂದೆ ಬಿಸಿಲಿನಲ್ಲಿ ಖಾಲಿ ಬಾಟಲಿಯ ಮೂಟೆ ನಿಲ್ಲಿಸಿದ್ದರು. ಮೂಟೆಯ ಬಲೆಯೊಳಗಿಂದ ಏನೋ ಮಿಣುಕಿತು. ಹತ್ತಿರ ಹೋದೆ. ಹತ್ತಿಪ್ಪತ್ತು ದೀಪಗಳು ಒಟ್ಟಿಗೆ ಎಡಕ್ಕೆ ಬಾಗಿದವು. ನಾನು ಹೆಜ್ಜೆ ಸರಿಸಿದೆ, ಬಲಕ್ಕೆ ಬಾಗಿದವು.

“ಅದು ಕೊಡಲ್ಲ ಅಜ್ಜ,” ಎಂದ ಗುಜರಿಯವನು. “ಆ ಮಿಂಚೋ ಬಾಟ್ಲಿ ಬೇರೆ ಇಡಿ ಅಂತ ಒಬ್ರು ಹೇಳಿ ಹೋಗಿದಾರೆ. ವಾರಕ್ಕೊಂದ್ಸಲ ವ್ಯಾನ್ ಬರ್ತದೆ.”

ಒಂದು ಬಾಟಲಿ ಕೈಗೆ ತೆಗೆದುಕೊಂಡೆ. ಆಗ ಕಂಡಿತು. ದೀಪ ಒಂದು ಚೂರೂ ಹರಿಯದೆ, ಮುಚ್ಚಳದಿಂದ ಒಂದು ಬೆರಳು ಕೆಳಗೆ, ಗಾಜಿನ ಮೇಲೆ ಹಾಯಾಗಿ ಕೂತಿತ್ತು. ಮುಚ್ಚಳಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಚೀಲದಲ್ಲಿದ್ದ ಐದನ್ನೂ ತೆಗೆದು ನೋಡಿದೆ. ಐದೂ ಹಾಗೆಯೇ. ಕಳ್ಳ ಏನನ್ನೂ ನಕಲಿ ಮಾಡಿರಲಿಲ್ಲ. ಖಾಲಿ ಬಾಟಲಿ ತೊಳೆದು ತುಂಬಿದ್ದ, ಅಷ್ಟೇ. ಮಾಲು ಅಸಲಿ ಎಂದು ಸಾಕ್ಷಿ ಹೇಳುವ ಕೆಲಸವನ್ನು ನನ್ನ ದೀಪವೇ ಅವನಿಗೂ ಮಾಡಿಕೊಟ್ಟಿತ್ತು.

ನಿಟ್ಟೂರಿನ ಶೆಡ್ಡು ಮುಟ್ಟಿದಾಗ ಹೆಂಗಸರು ಅಂಟಿಸುತ್ತ ಕೂತಿದ್ದರು. ಬೆಚ್ಚಗಿನ ಪೆಟ್ಟಿಗೆ, ಸ್ಪಿರಿಟ್ ಬಟ್ಟೆ, ಹೆಬ್ಬೆರಳು, ಹತ್ತರವರೆಗೆ ಎಣಿಕೆ, ಎಲ್ಲ ನಾನು ಹೇಳಿದಂತೆಯೇ. ಜಾಗ ಮಾತ್ರ ಒಂದು ಬೆರಳು ಕೆಳಗೆ.

“ಇಲ್ಲಿ ಹಚ್ಚಕ್ಕೆ ಯಾರು ಹೇಳಿದ್ದು?” ಎಂದೆ. ನನ್ನ ಧ್ವನಿ ನನಗೇ ದಪ್ಪ ಕೇಳಿಸಿತು.

ಮಿಡಿ ಆರಿಸುವ ಹಿರಿಯಮ್ಮ ಮೂಲೆಯಿಂದ ಮಾತಾಡಿದರು. ಅವರು ಹವ್ಯಕರ ಮನೆಯವರು, ‘ನಾನು’ ಎನ್ನಲು ‘ಆನು’, ‘ನನಗೆ’ ಎನ್ನಲು ‘ಎಂಗೆ’ ಎನ್ನುವವರು, ಸಂಘದಲ್ಲೇ ಎಲ್ಲರಿಗಿಂತ ದೊಡ್ಡವರು. ಉಪ್ಪಿನ ಹದ ಅವರ ಬಾಯಲ್ಲೇ ತೀರ್ಮಾನ.

“ಆನೇ ಹೇಳಿದ್ದು. ಮುಚ್ಚಳ ತಿರುಗಿಸಿರೆ ದೀಪ ಹರಿದು ಹೋಗ್ತು. ಉರಿಯ ದೀಪ ಹರಿಯಲೆ ಎಂಗೆ ಮನಸೇ ಬತ್ತಿಲ್ಲೆ. ತಗಂಡು ಹೋದವರ ಮನೇಲೂ ಬಾಟ್ಲಿ ತೆಗೆಯದು ಹೆಂಗಸ್ರೇ ಅಲ್ದಾ? ಮುತ್ತೈದೆ ಕೈಯಲ್ಲಿ ದೀಪ ಹರಿಸದಾ?”

ನಾನು ಅಧ್ಯಕ್ಷೆಯ ಕಡೆ ತಿರುಗಿದೆ. “ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು ಮಾವ,” ಎಂದಳು ಆಕೆ. “ನೀವು ಕೊನೇ ಸಲ ಬಂದು ಹೋದ ವಾರದಿಂದಾನೂ. ಅಮ್ಮ ಹೇಳಿದ್ದು ಸರಿ ಅಂತಲೇ ಕಂಡ್ತು. ಒಂದು ಬೆರಳು ಕೆಳಗಾದ್ರೆ ಏನಾತದೆ ಅಂದ್ಕಂಡೆ.”

“ಏನಾತದೆ? ಇಡೀ ಕೆಲಸ ಇರೋದೇ ಆ ಬೆರಳಲ್ಲಿ ಮಾರಾಯ್ತಿ! ಹರಿಲಿ ಅಂತಲೇ ಮಾಡಿದ್ದು!”

“ಹರಿಲಿ ಅಂತ ಮಾಡೋರು ದೀಪ ಯಾಕೆ ಮಾಡಿದ್ರಿ?”

ಮಾತಿನಲ್ಲಿ ಸೋತಾಗ ನಾನು ಮಾಡುವ ಕೆಲಸ ಪ್ರದರ್ಶನ. ಒಂದು ಹೊಸ ಬಾಟಲಿಗೆ ನಾನೇ ಸರಿಯಾದ ಜಾಗದಲ್ಲಿ, ಮುಚ್ಚಳಕ್ಕೂ ಗಾಜಿಗೂ ಸೇರಿಸಿ ಚೀಟಿ ಹಚ್ಚಿದೆ. ಆ ರಾತ್ರಿ ಪರಿಚಯದವರ ಮನೆಯಲ್ಲಿ ಉಳಿದು, ಮರುದಿನ ಮಧ್ಯಾಹ್ನ ಅಂಟು ಕೂತ ಮೇಲೆ ಎಲ್ಲರನ್ನೂ ಕರೆದೆ.

“ನೋಡ್ರಮ್ಮ, ಏನೂ ಆಗಲ್ಲ. ಪ್ಲಾಸ್ಟಿಕ್ಕು. ಎಣ್ಣೆ ಇಲ್ಲ, ಬತ್ತಿ ಇಲ್ಲ.”

ಮುಚ್ಚಳ ತಿರುಗಿಸಿದೆ. ಸಣ್ಣದಾಗಿ ಚರ್ ಎಂದಿತು. ಕುಡಿ ಮುಚ್ಚಳದ ಜೊತೆ ಹೋಯಿತು, ದೀಪದ ಕಾಲು ಗಾಜಿನ ಮೇಲೆ ಉಳಿಯಿತು. ನಾನು ಬಹಳ ಚೆನ್ನಾಗಿ ಮಾಡಿಸಿದ್ದೆ. ಒಡೆದ ಕುಡಿ ಮುಚ್ಚಳದ ಅಂಚಿನಲ್ಲಿ ಇನ್ನೂ ಅಲುಗುತ್ತಿತ್ತು. ಒಬ್ಬಾಕೆ ಮುಖ ಆಚೆ ತಿರುಗಿಸಿದಳು. ಹಿರಿಯಮ್ಮ ಎದ್ದು ಬಂದು, ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ, ಮೂಲೆಯಲ್ಲಿ ಇಟ್ಟು, ಮೇಲೊಂದು ಬಟ್ಟೆ ಮುಚ್ಚಿದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಆ ಬಾಟಲಿಯ ಮಿಡಿಯನ್ನು ಯಾರೂ ಬಡಿಸಿಕೊಳ್ಳಲಿಲ್ಲ. ನಾನು ದೇವರು ದಿಂಡರನ್ನೆಲ್ಲ ತಮಾಷೆ ಮಾಡಿಕೊಂಡು ಮುದುಕನಾದವನು. ನನಗೂ ಕೈ ಹೋಗಲಿಲ್ಲ.

ಊಟವಾದ ಮೇಲೆ ಬಾಗಿಲ ಹತ್ತಿರ ಕೂತು ಮ್ಯಾನೇಜರಿಗೆ ಫೋನು ಮಾಡಿದೆ. ಬೈದದ್ದಕ್ಕೆ ತಪ್ಪಾಯಿತು ಎಂದೆ. ಈ ಮಾತನ್ನು ನಾನು ಎಷ್ಟು ವರ್ಷಗಳ ಮೇಲೆ ಹೇಳಿದೆನೋ, ನಾಲಿಗೆಗೆ ಅಭ್ಯಾಸವೇ ಇರಲಿಲ್ಲ. ಅವರು ಹೊಸ ಅಚ್ಚು ಮಾಡಿಕೊಡಲು ಒಪ್ಪಿದರು. “ಚಿತ್ರ ಮಾತ್ರ ಈ ಸಲ ಯೋಚನೆ ಮಾಡಿ ಹೇಳಿ ಸರ್,” ಎಂದರು.

ಯೋಚನೆ ಶೆಡ್ಡಿನಲ್ಲೇ ಶುರುವಾಯಿತು.

“ಮಿಡಿ ಚಿತ್ರ ಹಾಕಿ,” ಎಂದಳು ಒಬ್ಬಳು.

“ನಮ್ಮ ಅನ್ನ ಅದು. ಹರಿತೀಯಾ?” ಎಂದಳು ಇನ್ನೊಬ್ಬಳು.

“ಮಂಗ? ಮಿಡಿ ಎಲ್ಲ ಹಾಳು ಮಾಡದು ಅದೇಯ.”

“ಹನುಮಂತ ದೇವ್ರು!”

“ನವಿಲು?”

“ಸುಬ್ರಹ್ಮಣ್ಯನ ವಾಹನ.”

“ಇಲಿ ಹಾಕಿ ಹಂಗಾದ್ರೆ.”

“ಗಣಪತಿದು!”

ಹಾವಿನ ಹೆಸರೆತ್ತಿದವಳಿಗೆ ಹಿರಿಯಮ್ಮ ಕಣ್ಣಲ್ಲೇ ಬಾಯಿ ಮುಚ್ಚಿಸಿದರು. ಗದ್ದೆಯಲ್ಲಿ ನಿಲ್ಲಿಸುವ ಬೆರ್ಚಪ್ಪ ಆಗಬಹುದು ಎಂದು ನಾನು ಹೇಳಿದೆ. ಅದು ದೃಷ್ಟಿ ತೆಗೆಯಲು ಇಟ್ಟದ್ದು, ಹರಿದರೆ ದೃಷ್ಟಿ ಉಂಡವರಿಗೇ ತಾಗುತ್ತದೆ ಎಂದು ಮೂವರು ಒಟ್ಟಿಗೆ ಹೇಳಿದರು. ಹರಿಯಬಹುದಾದ್ದು ಈ ಲೋಕದಲ್ಲಿ ಏನೂ ಇರಲಿಲ್ಲ. ನನಗೆ ಸಾಕಾಗಿತ್ತು. ಮಂಡಿ ಸೆಳೆಯುತ್ತಿತ್ತು, ಕೊನೆಯ ಬಸ್ಸಿಗೆ ಹೊತ್ತಾಗುತ್ತಿತ್ತು.

ಅಧ್ಯಕ್ಷೆ ಇಷ್ಟು ಹೊತ್ತೂ ನಂಬರಿನ ಪುಸ್ತಕದ ಮೇಲೆ ಕೈ ಊರಿ ಕೂತಿದ್ದಳು. ಆಕೆಯ ಮುಖ ನನಗಿಂತ ದಣಿದಿತ್ತು.

“ಮಾವ,” ಎಂದಳು ಮೆಲ್ಲಗೆ, “ಹರಿದ್ರೆ ಯಾರಿಗೂ ಪಾಪ ಹತ್ತಬಾರ್ದು. ಹರಿಯೋರಿಗೆ ಕೈ ನಡುಗಬಾರ್ದು. ಸಾಗರ, ಹೊಸನಗರ, ತೀರ್ಥಳ್ಳಿ, ಮೂರೂ ಕಡೆ ಯಾರ ಮುಖ ಹರಿದ್ರೆ ಜನಕ್ಕೆ ಬೇಜಾರಾಗಲ್ಲ, ನೀವೇ ಹೇಳಿ?”

ಅಂಥವರು ಯಾರಿರಬಹುದು ಎಂದು ನಾನು ನಿಜವಾಗಿಯೂ ಯೋಚಿಸಿದೆ. ಒಬ್ಬಿಬ್ಬರು ನೆನಪಿಗೂ ಬಂದರು. ತಲೆ ಎತ್ತಿದರೆ ಹನ್ನೆರಡೂ ಹೆಂಗಸರು ನನ್ನನ್ನೇ ನೋಡುತ್ತಿದ್ದರು.

“ಎಂತ ಮುಖ ಸಣ್ಣ ಮಾಡ್ಕತ್ತೆ?” ಎಂದರು ಹಿರಿಯಮ್ಮ. “ಎಂಗೆ ಹರಿಯಲೆ ಏನೂ ಬೇಜಾರಿಲ್ಲೆ.”

ಕಾರ್ಖಾನೆಯಲ್ಲಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಎಡದಿಂದ ಬಲಕ್ಕೆ ಕ್ಯಾಮೆರಾ ಸರಿಸುತ್ತ ಫೋಟೊ ತೆಗೆದರು. ಹೀಗೆ ವಾಲಿಸಿದರೆ ಗಂಭೀರ ಮುಖ, ಹಾಗೆ ವಾಲಿಸಿದರೆ ನಾಲಿಗೆ ಹೊರಗೆ. ನಾಲಿಗೆ ನನ್ನದೇ ಸಲಹೆ. ‘ತೊಟ್ಟು’ ಎಂಬ ಅಕ್ಷರವನ್ನು ಈ ಸಲ ಗದ್ದದ ನರಹುಲಿಯ ಒಳಗೆ ಅಡಗಿಸಿದರು. ಮೂಗಿನ ಮಧ್ಯೆ ಅಡ್ಡಕ್ಕೆ ಸಣ್ಣ ಕಚ್ಚುಗಳನ್ನು ಹಾಕಿಸಿದೆ. ಮುಚ್ಚಳ ಅಲುಗಿದರೆ ಸಾಕು, ಮುಖ ಅಲ್ಲೇ ಸೀಳಬೇಕು. ಮ್ಯಾನೇಜರು ನಗು ತಡೆದುಕೊಂಡು ಕೆಲಸ ಮಾಡಿದರು. ಅದು ಅವರಿಗೆ ನಾನು ಕೊಟ್ಟ ಪರಿಹಾರ ಎಂದುಕೊಂಡೆ.

ಹಳೇ ದೀಪದ ಬಾಟಲಿಗಳನ್ನು ಹೆಂಗಸರು ಗುಜರಿ ಅಂಗಡಿಗಳಿಗೆ ಹೋಗಿ, ಮನೆಮನೆಗೆ ಹೋಗಿ ವಾಪಸು ತಂದರು. ಕೆರೆದು ಎಸೆಯಿರಿ ಎಂದೆ. ಕೆರೆಯುವುದೂ ಹರಿದಂತೆಯೇ ಅಲ್ಲವೇ! ಶೆಡ್ಡಿನ ಅಟ್ಟದ ಮೇಲೆ ಸಾಲಾಗಿ ಜೋಡಿಸಿದರು. ಕೆಳಗೆ ಯಾರಾದರೂ ಓಡಾಡಿದರೆ ಮೇಲೆ ಎಲ್ಲ ಕುಡಿಗಳೂ ಒಟ್ಟಿಗೆ ಬಾಗುತ್ತವೆ.

ಮಳೆ ಹಿಡಿಯಿತು. ಹೊಸ ಚೀಟಿ ಹಚ್ಚಿದ್ದು ಆ ಮಳೆಯಲ್ಲೇ, ಅದೇ ಬಲ್ಬಿನ ಪೆಟ್ಟಿಗೆ ಇಟ್ಟುಕೊಂಡು. ಮಳೆ ಕಡಿಮೆಯಾಗುವ ಹೊತ್ತಿಗೆ ಅಧ್ಯಕ್ಷೆಯೂ ನಾನೂ ಒಂದು ಜೀಪಿನಲ್ಲಿ ಡಬ್ಬಗಳನ್ನು ಹೇರಿಕೊಂಡು ತೀರ್ಥಹಳ್ಳಿಗೆ ಹೋದೆವು. ದಾರಿಯಿಡೀ ಆಕೆ ಹಿಂದೆ ತಿರುಗಿ ಡಬ್ಬಗಳನ್ನು ಎಣಿಸುತ್ತಿದ್ದಳು. ಸಾಹುಕಾರರು ಬೇಡ ಎಂದರೆ ಅದೇ ಜೀಪಿನಲ್ಲಿ ಎಲ್ಲ ವಾಪಸು.

ಸಾಹುಕಾರರು ಒಂದು ಬಾಟಲಿ ಕೈಗೆ ತೆಗೆದುಕೊಂಡರು. ಕನ್ನಡಕ ಹಾಕಿಕೊಂಡರು. ಚೀಟಿ ನೋಡಿದರು, ನನ್ನನ್ನು ನೋಡಿದರು. ವಾಲಿಸಿದರು. ಬಾಟಲಿಯ ಮೇಲಿನ ನಾನು ನಾಲಿಗೆ ಚಾಚಿದೆ.

“ಇದು ಬಿಚ್ಚಿದ್ರೆ ಏನಾಗ್ತದೆ?” ಎಂದು ಅಧ್ಯಕ್ಷೆಯನ್ನು ಕೇಳಿದರು.

“ಹರೀತದೆ ಸಾವ್ಕಾರ್ರೇ.”

ಅವರು ಬಾಟಲಿಯನ್ನು ಎದೆಗೆ ಒತ್ತಿ ಹಿಡಿದು, ಅವಸರವಿಲ್ಲದೆ, ಮುಚ್ಚಳ ತಿರುಗಿಸಿದರು. ಚರ್ ಎಂದಿತು. ಹಣೆ, ಕಣ್ಣು ಮುಚ್ಚಳಕ್ಕೆ ಹೋದವು. ಮೀಸೆ, ನಾಲಿಗೆ ಗಾಜಿಗೆ. ಅವರು ಎರಡನ್ನೂ ಬಹಳ ಹೊತ್ತು ನೋಡಿದರು.

“ಇನ್ನೊಂದು ಕೊಡಮ್ಮ.”

ಎರಡನೆಯದನ್ನೂ ಹರಿದರು. ಮೂರನೆಯದಕ್ಕೆ ಕೈ ಚಾಚಿದಾಗ ಅಧ್ಯಕ್ಷೆ ಹೆದರಿ ನನ್ನ ಮುಖ ನೋಡಿದಳು. ಕೊಡು ಎಂದು ಕಣ್ಣಲ್ಲೇ ಹೇಳಿದೆ. ಅಷ್ಟರಲ್ಲಿ ಅಂಗಡಿಗೆ ಬಂದಿದ್ದ ಒಬ್ಬ ಹೆಂಗಸು ಇಣುಕಿ ನೋಡಿ, “ಎಂತ ಮುಖ ಮಾರಾಯ್ರೇ ಇದು! ನಂಗೊಂದು ಕೊಡಿ, ನಮ್ಮ ಮನೆಯವ್ರಿಗೆ ಹರಿಯಕ್ಕೆ ಬೇಕು,” ಎಂದಳು. ಚೀಟಿಯ ಮೇಲೆ ಇರುವವನು ಪಕ್ಕದಲ್ಲೇ ನಿಂತಿದ್ದಾನೆಂದು ಆಕೆಗೆ ಗೊತ್ತಾಗಲಿಲ್ಲ.

“ಇಳಿಸಿ,” ಎಂದರು ಸಾಹುಕಾರರು. “ಎಲ್ಲಾ ಡಬ್ಬ ಇಳಿಸಿ. ಮುಖ ಇಡೀ ಇದ್ರೆ ತಗಳಿ, ಹರಿದಿದ್ರೆ ಬಿಡಿ ಅಂತ ಬೋರ್ಡ್ ಹಾಕ್ತೀನಿ.”

ಅಧ್ಯಕ್ಷೆ ಅಲ್ಲೇ ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟಳು. ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಎದ್ದು, ಡಬ್ಬ ಇಳಿಸಲು ಮತ್ತೊಬ್ಬರು ಬರಲಿ ಎಂದು ಕಾಯದೆ ತಾನೇ ಹೊರಟಳು.

ಜೀಪು ನಿಟ್ಟೂರಿಗೆ ಹೋಗುವುದು, ನಾನು ಕೊಡೆ ತೆಗೆದುಕೊಂಡು ಸಾಗರದ ಬಸ್ಸಿನ ಕಡೆ ತಿರುಗಿದೆ. ಮೆಟ್ಟಿಲು ಇಳಿಯುವಾಗ ಸಾಹುಕಾರರು ಹಿಂದಿನಿಂದ ಕರೆದರು.

“ಪ್ರೆಸ್ಸಿನವ್ರೇ, ನಿಲ್ಲಿ.”

ಒಳಗೆ ಹೋಗಿ ಬಂದು ನನ್ನ ಕೈ ಹಿಡಿದು ಏನೋ ಇಟ್ಟರು. ಒಂದು ಅಚ್ಚು ಬೆಲ್ಲ.

“ಅವತ್ತು ಊರಿಗೆಲ್ಲ ಕೊಟ್ಟೆ. ನೀವೊಬ್ರು ಬಂದಿರ್ಲಿಲ್ಲ.”

ಏನಾದರೂ ತಿರುಗಿ ಹೇಳಬೇಕಿತ್ತು. ನಾಲಿಗೆಯ ತುದಿಗೆ ಎರಡು ಮೂರು ಮಾತು ಬಂದವು. ಬೆಲ್ಲದ ಒಂದು ಮೂಲೆ ಮುರಿದು ಬಾಯಿಗೆ ಹಾಕಿಕೊಂಡೆ. ಬಸ್ಸಿನ ಮೆಟ್ಟಿಲು ಹತ್ತುವಾಗ ಮಂಡಿ ಕಟಕ್ ಎಂದಿತು. ಬಾಯಲ್ಲಿ ಬೆಲ್ಲ ಇತ್ತು, ಬೈಯಲಾಗಲಿಲ್ಲ.